ಗುರುಪುತ್ರಪ್ಪನ ಹೆಬ್ಬೆರಳು

ವಡಗಾವಿಯ ಗುರುಪುತ್ರಪ್ಪನಿಗೆ ಹರ್ನಿಯಾ ಆದದ್ದು ದೊಡ್ಡ ಸಂಗತಿಯಲ್ಲ. ನೂಲು ಸುತ್ತಿದ ಬೀಮನ್ನು ಹೊತ್ತು ಮಗ್ಗಕ್ಕೆ ಏರಿಸುವ ಗಂಡಸರಿಗೆ ಅದು ಆಗುತ್ತದೆ. ಆ ಓಣಿಯಲ್ಲಿ ಹಲವರಿಗೆ ಆಗಿದೆ, ಅವರಲ್ಲಿ ಯಾರೂ ಅದನ್ನು ಇನ್ನೊಬ್ಬರಿಗೆ ಹೇಳಿಲ್ಲ. ದೊಡ್ಡ ಸಂಗತಿಯೆಂದರೆ, ಹರ್ನಿಯಾ ಆಗುವುದಕ್ಕೆ ಮೊದಲೇ ಅವನು ತನ್ನ ಆರೋಗ್ಯದ ಬಗ್ಗೆ ಖಾನಾಪುರದಲ್ಲಿ ಒಂದು ಮಾತು ಆಡಿಬಿಟ್ಟಿದ್ದ.

ಅದು ಮಗಳು ನಿಖಿತಾಳ ನಿಶ್ಚಯದ ದಿನ. ಬೀಗರ ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದರು. ಆ ಮನೆಯ ಶುಭಕಾರ್ಯಗಳನ್ನೆಲ್ಲ ನಡೆಸಿಕೊಡುವ ಮಠದ ಬಸಯ್ಯ, ಈಗಿನ ದವಾಖಾನೆಗಳ ಖರ್ಚು ನೆನೆದರೆ ಇದ್ದ ರೋಗವೂ ಹೆದರಿ ಓಡುತ್ತದೆ ಎಂದು ನಿಟ್ಟುಸಿರು ಬಿಟ್ಟ. ಗುರುಪುತ್ರಪ್ಪನನ್ನು ಯಾರೂ ಏನೂ ಕೇಳಿರಲಿಲ್ಲ. ಆದರೂ ಅವನು ಬಾಯಿ ತೆರೆದ.

"ನಮಗ ಆ ಚಿಂತಿ ಇಲ್ರಿ ಅಯ್ನಾರ. ನಮ್ಮ ಮನಿಮಂದಿದೆಲ್ಲಾ ಪ್ರೈವೇಟ್ ಇನ್ಶೂರನ್ಸ್ ಐತಿ. ಕ್ಯಾಶ್‌ಲೆಸ್. ಕಾರ್ಡ್ ತೋರಿಸೂದು, ಒಳಗ ಹೋಗೂದು, ಎಸಿ ರೂಮಿನಾಗ ಮಲಗೂದು."

ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ಬೀಗಿತ್ತಿ ಗೌರವ್ವನ ಕೈ ಅರೆಗಳಿಗೆ ಹಾಗೇ ನಿಂತಿತು. ಹಾಗೆ ನಿಂತದ್ದರಿಂದ ಗುರುಪುತ್ರಪ್ಪನ ಎಲೆಗೆ ಬೀಳಬೇಕಾದ್ದಕ್ಕಿಂತ ಹೆಚ್ಚು ತುಪ್ಪ ಬಿತ್ತು. ಅದನ್ನು ಅವನು ಗೌರವವೆಂದು ತಿಳಿದ. ಆ ಮನೆಯಲ್ಲಿ ಯಜಮಾನರು ಇದ್ದರೂ ಮಾತು ಗೌರವ್ವನದೇ. ಅವಳು ತುಪ್ಪದ ಗಿಂಡಿ ಹಿಡಿದು ಮುಂದಿನ ಎಲೆಗೆ ಹೋದಳು.

ಖರೇ ಸಂಗತಿ ಬೇರೆ. ಇನ್ಶೂರನ್ಸ್ ಏಜೆಂಟನೊಬ್ಬ ಹಿಂದೊಮ್ಮೆ ವಡಗಾವಿಯ ಮನೆಗೆ ಬಂದದ್ದು ನಿಜ. ಎರಡು ಮಗ್ಗಗಳ ಸದ್ದಿನ ನಡುವೆ ಕೂಗಿ ಕೂಗಿ ಪಾಲಿಸಿ ವಿವರಿಸಿದ್ದು ನಿಜ. ಗುರುಪುತ್ರಪ್ಪನ ವಯಸ್ಸು, ಬಿಪಿ ಕೇಳಿಕೊಂಡು ಅವನು ಕಂತು ಹೇಳಿದ. ಅದನ್ನು ಕೇಳಿ ಗುರುಪುತ್ರಪ್ಪ ಅವನಿಗೆ ಇನ್ನೊಂದು ಕಪ್ ಚಹಾ ಕುಡಿಸಿ, ಬಾಗಿಲತನಕ ಹೋಗಿ ಕಳಿಸಿಬಂದ. ಮನೆಯಲ್ಲಿ ಉಳಿದದ್ದು ಕಂಪನಿಯ ಕ್ಯಾಲೆಂಡರ್ ಮಾತ್ರ. ಅದರಲ್ಲಿ ಗಂಡ, ಹೆಂಡತಿ, ಮಕ್ಕಳು, ಒಂದು ನಾಯಿ ಹುಲ್ಲಿನ ಮೇಲೆ ಕೂತು ನಗುತ್ತಿದ್ದರು. ಆ ಕುಟುಂಬದಲ್ಲಿ ಯಾರಿಗೂ ಏನೂ ಆಗುವ ಲಕ್ಷಣ ಇರಲಿಲ್ಲ.

ಮಗಳ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗುರುಪುತ್ರಪ್ಪ ಕೆಮ್ಮಿದಾಗಲೆಲ್ಲ ತೊಡೆಯ ಮೇಲ್ಭಾಗದಲ್ಲಿ ಲಿಂಬೆಹಣ್ಣಿನಷ್ಟು ಉಬ್ಬತೊಡಗಿತು. ಓಣಿಯ ಡಾಕ್ಟರು ಒತ್ತಿ ನೋಡಿದರು.

"ಆಪರೇಶನ್ ಮಾಡಿಸಬೇಕ್ರಿ. ಕರುಳ ಅಲ್ಲೇ ಸಿಕ್ಕೊಂಡ್ರ ಜೀವಕ್ಕ ಬರ್ತದ. ಬಿಪಿಎಲ್ ರೇಶನ್ ಕಾರ್ಡ್ ಐತೋ ಇಲ್ಲೋ?"

"ಐತ್ರಿ," ಎಂದ ಗುರುಪುತ್ರಪ್ಪ, ಬಾಗಿಲ ಕಡೆ ನೋಡಿಕೊಂಡು.

"ಮತ್ತ್ಯಾಕ ಚಿಂತಿ? ಆಯುಷ್ಮಾನ್ ಕಾರ್ಡ್ ಮಾಡಿಸ್ಕೊಂಡು ಸರಕಾರಿ ದವಾಖಾನಿಗೆ ಹೋಗ್ರಿ. ಪುಕ್ಕಟ ಆಗ್ತದ. ಅಲ್ಲೀತನಕ ಬೀಮು ಮುಟ್ಟಬ್ಯಾಡ್ರಿ."

ಮನೆಗೆ ಬಂದವನೇ ಹೆಂಡತಿ ಕಾಶವ್ವನನ್ನು ಒಳಗೆ ಕರೆದು ಕದ ಮುಂದೆ ಮಾಡಿದ.

"ಯಾರ ಮುಂದೂ ಹೇಳಬ್ಯಾಡ."

"ಯಾವುದನ್ನ? ರೋಗದ್ದೋ, ಕಾರ್ಡಿಂದೋ?"

"ಎರಡೂ. ಪುಕ್ಕಟ ಕಾರ್ಡಂತ ಗೊತ್ತಾದ್ರ ಬೀಗರ ಮುಂದ ನನ್ನ ಕಿಮ್ಮತ್ತೇನ ಉಳೀತು? ಇನ್ನ ಹರ್ನಿಯಾ ಅಂತ ಆ ಹೆಣ್ಮಕ್ಕಳ ಮುಂದ ಹೆಂಗ ಹೇಳೂದು? ಎಲ್ಲೆ ಅಂತ ಕೇಳ್ತಾರ."

"ಮತ್ತ ಮಂದಿ ಕೇಳಿದ್ರ ಏನ್ ಹೇಳ್ಲಿ?"

"ಮಂದಿ ಯಾಕ ಕೇಳ್ತಾರ?"

ಹುಟ್ಟಿದಾಗಿನಿಂದ ವಡಗಾವಿಯಲ್ಲೇ ಇದ್ದ ಮನುಷ್ಯ ಈ ಮಾತು ಆಡಿದ.

ಮರುದಿನ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಕಾರ್ಡು ಮಾಡುವ ಸೆಂಟರಿಗೆ ಹೋದ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ರೂಪಾಲಿ ಎಂಬ ಹುಡುಗಿ ಮೊದಲು ಟವೆಲ್ಲು ತೆಗೆಸಿದಳು. ಆಮೇಲೆ ಹೆಬ್ಬೆರಳು ಇಡಿಸಿದಳು. ಯಂತ್ರ ಕೆಂಪು ದೀಪ ತೋರಿಸಿತು. ಎಡಗೈಯದು ಇಡಿಸಿದಳು, ಕೆಂಪು. ಉಳಿದ ಬೆರಳುಗಳೂ ಒಂದೊಂದಾಗಿ ಹೋಗಿ ಒಂದೊಂದಾಗಿ ಸೋತು ಬಂದವು.

"ಕಾಕಾ, ನೀವು ಮಗ್ಗದವರೇನ್ರಿ?"

"ಹೌದವಾ. ಯಾಕ?"

"ದಾರಕ್ಕ ಗಂಟ ಹಾಕಿ ಹಾಕಿ ನಿಮ್ಮ ಬೆರಳ ಮ್ಯಾಲಿನ ಗೆರಿ ಎಲ್ಲಾ ಸವದಾವು. ಯಂತ್ರಕ್ಕ ನಿಮ್ಮ ಬೆರಳೂ ಒಂದ, ಖಾಲಿ ಗ್ವಾಡಿನೂ ಒಂದ. ಮೊಬೈಲಿಗೆ ನಂಬರ್ ಬರ್ತೈತಿ, ಅದನ್ನರ ಹೇಳ್ರಿ."

ಆಧಾರಕ್ಕೆ ಕೊಟ್ಟಿದ್ದ ಮೊಬೈಲು ನಂಬರು ಸತ್ತು ಬಹಳ ಕಾಲವಾಗಿತ್ತು. ಹೊಸ ನಂಬರು ಹಾಕಿಸಬೇಕೆಂದರೆ ಹೆಬ್ಬೆರಳು ಕೊಡಬೇಕಿತ್ತು. ಮುಖ ನೋಡಿ ಗುರುತು ಹಿಡಿಯುವ ಆ್ಯಪು ಗುರುಪುತ್ರಪ್ಪನನ್ನು ಮೂರೂ ದಿಕ್ಕಿನಿಂದ ನೋಡಿತು. ಆಧಾರದ ಫೋಟೋದಲ್ಲಿದ್ದ ದಟ್ಟ ಮೀಸೆಯ ಗಂಡಸು ಈ ನುಣ್ಣನೆ ಮುಖದವನೇ ಎಂಬುದನ್ನು ಅದು ಒಪ್ಪಲಿಲ್ಲ.

"ಹಿಂಗ ಮಾಡ್ರಿ," ಎಂದಳು ರೂಪಾಲಿ. "ವಾರ ಒಪ್ಪತ್ತು ದಾರ ಮುಟ್ಟಬ್ಯಾಡ್ರಿ. ಬೆಣ್ಣಿ ಹಚ್ಚಿ ಹೆಬ್ಬಟ್ಟಿಗೆ ಅರಿವಿ ಸುತ್ರಿ. ಗೆರಿ ಮ್ಯಾಲ ಬರ್ತಾವು. ಆವಾಗ ಬರ್ರಿ."

ಗುರುಪುತ್ರಪ್ಪ ಹೇಳಿದ ಹಾಗೆ ಕೇಳುವವನು. ಬಲಗೈ ಹೆಬ್ಬೆರಳಿಗೆ ಬೆಣ್ಣೆ ಮೆತ್ತಿ, ಹಳೆಯ ಸೀರೆಯ ಬಿಳಿ ತುಂಡು ಸುತ್ತಿ, ಅದು ಎಲ್ಲಿಗೂ ತಾಗದಂತೆ ಮೇಲಕ್ಕೆತ್ತಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತ. ಒಳಗೆ ಮಗ್ಗ ನೋಡಿಕೊಳ್ಳುವುದು, ತುಂಡಾದ ಎಳೆಗೆ ಗಂಟು ಹಾಕುವುದು ಎಲ್ಲ ಕಾಶವ್ವನ ಪಾಲಿಗೆ ಬಂತು.

ಬಾಜು ಮನೆಯ ಸಂಜಯ ಮೊದಲು ನೋಡಿದ. ಮೊದಲು ಮರಾಠಿಯಲ್ಲಿ ಏನಾಯಿತೆಂದು ಕೇಳಿ, ಆಮೇಲೆ ಕನ್ನಡಕ್ಕೆ ಬರುವುದು ಅವನ ರೂಢಿ.

"ಕಾಯ್ ಝಾಲಂ ಕಾಕಾ?"

"ಏನಿಲ್ಲ. ಡಾಕ್ಟರ್ ರೆಸ್ಟ್ ಮಾಡ ಅಂದಾರ."

"ಬೆರಳಿಗೆ?"

"ಹೂಂ."

ಬರೀ ಬೆರಳಿಗೆ ಡಾಕ್ಟರು ವಿಶ್ರಾಂತಿ ಹೇಳಿದ ಉದಾಹರಣೆ ಸಂಜಯನ ಅನುಭವದಲ್ಲಿ ಇರಲಿಲ್ಲ. ಅವನು ಯೋಚಿಸುತ್ತ ಕಿರಾಣಿ ಅಂಗಡಿಗೆ ಹೋದ. ಅಲ್ಲಿ ಅದಕ್ಕೆ ಕಾರಣ ಸಿಕ್ಕಿತು: ಸಕ್ಕರೆ ಕಾಯಿಲೆ. ಅಂಗಡಿಯಿಂದ ಹೊರಟ ಸುದ್ದಿ ಹಿಟ್ಟಿನ ಗಿರಣಿ ಮುಟ್ಟುವ ಹೊತ್ತಿಗೆ ಬೆರಳು ಕಪ್ಪಾಗಿತ್ತು. ಸಂಜೆ ಭಜನೆಗೆ ಸೇರಿದವರ ನಡುವೆ ಅದನ್ನು ತೆಗೆಯುವುದೋ ಉಳಿಸುವುದೋ ಎಂಬ ಚರ್ಚೆ ನಡೆದು, ತೆಗೆಯುವ ಪಕ್ಷಕ್ಕೆ ಹೆಚ್ಚು ಮತ ಬಿತ್ತು.

ಮುಂಜಾನೆಯಿಂದ ಮಾತಾಡಿಸಲು ಮಂದಿ ಬರತೊಡಗಿದರು. ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಿ ಬರದಿದ್ದರೆ ಅದು ಮುಂದೆ ಮದುವೆ ಮುಂಜಿಗಳಲ್ಲಿ ಎತ್ತಿ ಆಡುವ ಮಾತಾಗುತ್ತದೆ. ಬರಿಗೈಲಿ ಯಾರೂ ಬರುವುದಿಲ್ಲ. ಬಾಳೆಹಣ್ಣು, ಬ್ರೆಡ್ಡು ತರುವ ಪದ್ಧತಿ. ಆದರೆ ಸಕ್ಕರೆ ಕಾಯಿಲೆಯವನಿಗೆ ಅವು ವಿಷವೆಂದು ಎಲ್ಲರೂ ಬೇರೆ ಬೇರೆಯಾಗಿ ಯೋಚಿಸಿ, ಎಲ್ಲರೂ ಹಾಗಲಕಾಯಿ ತಂದರು. ಅಡುಗೆಮನೆಯ ಮೂಲೆಯಲ್ಲಿ ಹಾಗಲಕಾಯಿಯ ರಾಶಿ ಬೆಳೆಯಿತು.

"ಕಾಶವ್ವಾ, ಧೈರ್ಯ ಬಿಡಬ್ಯಾಡ," ಎಂದಳು ಹಿಂದಿನ ಓಣಿಯ ಮುದುಕಿ. "ಒಂದ ಬೆರಳ ಹೋದ್ರ ಏನಾತು. ಇನ್ನ ಅದಾವಲ್ಲ."

"ಹೌದ್ರಿ ಅತ್ತಿ," ಎಂದು ಕಾಶವ್ವ ಚಹಾ ಕೊಟ್ಟಳು. ಚಹಾ ಕೊಟ್ಟು ಮಗ್ಗಕ್ಕೆ, ಮಗ್ಗದಿಂದ ಚಹಾಕ್ಕೆ ಓಡಾಡಿ ಅವಳಿಗೆ ಸಿಟ್ಟು ಬಂದಿತ್ತು. ಮಂದಿ ಹೋದ ಮೇಲೆ ಗಂಡನ ಮುಂದೆ ನಿಂತಳು.

"ಖರೇ ಹೇಳಿಬಿಡ್ರಿ. ಈ ಹಾಗಲಕಾಯಿ ಇನ್ನ ನನ್ನ ಕೈಲೆ ಆಗೂದಿಲ್ಲ."

"ಬೆರಳಂದ್ರ ಬೆರಳ. ಮರ್ಯಾದಿದ ಜಾಗಾದಾಗ ಐತಿ ಅದು. ಇದ್ರ ಇರವಲ್ದ್ಯಾಕ."

ಸುದ್ದಿ ಖಾನಾಪುರಕ್ಕೂ ಮುಟ್ಟಿತ್ತು. ಆ ಮಧ್ಯಾಹ್ನವೇ ಓಣಿಯ ಬಾಯಿಗೆ ಅಲ್ಲಿಂದ ಟ್ರ್ಯಾಕ್ಸು ಗಾಡಿ ಬಂದು ನಿಂತಿತು. ಒಳಗಿಂದ ಗೌರವ್ವ, ಮಗಳು ನಿಖಿತಾ, ಅಳಿಯ ಅನಿಕೇತ, ಬಸಯ್ಯ ಮತ್ತು ಗುರುಪುತ್ರಪ್ಪ ಮದುವೆಯಲ್ಲಿ ನೋಡಿ ಮರೆತಿದ್ದ ಇನ್ನಷ್ಟು ಮಂದಿ ಇಳಿದರು. ನಿಖಿತಾ ಅಪ್ಪನ ಕೈ ಹಿಡಿದು ಅಳತೊಡಗಿದಳು. ಹಿಡಿದದ್ದು ಎಡಗೈ. ಬಲಗೈಯ ಹತ್ತಿರ ಹೋಗಲು ಯಾರಿಗೂ ಧೈರ್ಯವಿರಲಿಲ್ಲ.

"ನೋಯ್ತದೇನ್ರಿ ಬೀಗರ?" ಎಂದಳು ಗೌರವ್ವ.

"ಅಷ್ಟೇನಿಲ್ರಿ ಅಕ್ಕಾರ."

"ನೋವಿಲ್ಲಂದ್ರ ಅದು ಇನ್ನೂ ಕೆಟ್ಟ," ಎಂದ ಬಸಯ್ಯ. "ಜೀವ ಹೋದ ಬೆರಳಿಗೆ ನೋವಿರೂದಿಲ್ಲ. ಅಲ್ಲಾ, ನಿಮ್ಮದು ಕ್ಯಾಶ್‌ಲೆಸ್ ಐತೆಲ್ಲ? ಎಸಿ ರೂಮ್ ಬಿಟ್ಟು ಕಟ್ಟಿ ಮ್ಯಾಲೆ ಯಾಕ ಕುಂತೀರಿ?"

ಎಲ್ಲರೂ ಗುರುಪುತ್ರಪ್ಪನ ಕಡೆ ತಿರುಗಿದರು. ಅವನು ಬಾಗಿಲೊಳಗಿಂದ ಕಾಣುತ್ತಿದ್ದ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದ. ನಗುತ್ತಿದ್ದ ಕುಟುಂಬದಿಂದ ನೆರವು ಬರಲಿಲ್ಲ.

"ಕಂಪನಿಯವ್ರು ತಪಾಸ ಮಾಡಾಕ ಹತ್ತ್ಯಾರ್ರಿ," ಎಂದ. "ದೊಡ್ಡ ಕಂಪನಿ. ಒಮ್ಮೆಲೆ ಕೊಡೂದಿಲ್ಲ."

"ಅವರು ತಪಾಸ ಮಾಡೂದ್ರಾಗ ಬೆರಳ ಉದುರತೈತಿ," ಎಂದು ಗೌರವ್ವ ಎದ್ದಳು. "ಗುಂಜಿಯಾಗ ಭರಮಣ್ಣ ಅಂತ ಅದಾನ, ಅಡವಿ ಎಲಿ ಕಟ್ತಾನ. ನಡೀರಿ. ಕಾಶವ್ವಾರ, ನೀವು ಮಗ್ಗ ನೋಡ್ಕೋರಿ. ಬೀಗರ ನಮ್ಮನ್ಯಾಗ ಇರ್ತಾರ."

ಗುರುಪುತ್ರಪ್ಪ ಹೆಂಡತಿಯ ಮುಖ ನೋಡಿದ. ಕಾಶವ್ವ ಆಗಲೇ ಅವನ ಬಟ್ಟೆ ಚೀಲಕ್ಕೆ ತುಂಬುತ್ತಿದ್ದಳು. ಮೇಲೆ ಒಂದಷ್ಟು ಹಾಗಲಕಾಯಿಯನ್ನೂ ತುಂಬಿದಳು.

ಟ್ರ್ಯಾಕ್ಸು ದೇಸೂರ ದಾಟಿ, ಖಾನಾಪುರದಲ್ಲಿ ಅರ್ಧ ಮಂದಿಯನ್ನು ಇಳಿಸಿ, ಗುಂಜಿಗೆ ಹೋಯಿತು. ಅಡವಿಯ ಅಂಚಿನ ಮನೆಯ ಮುಂದೆ ಭರಮಣ್ಣ ಕುರಿಮರಿಯೊಂದರ ಕಾಲಿಗೆ ಎಲೆ ಕಟ್ಟುತ್ತಿದ್ದ. ಅದನ್ನು ಮುಗಿಸಿ ಗುರುಪುತ್ರಪ್ಪನ ಕೈ ಹಿಡಿದ.

"ನಾಯಿನೋ, ಹಾವೋ?"

"ಎರಡೂ ಅಲ್ಲ. ಸಕ್ರಿ," ಎಂದಳು ಗೌರವ್ವ.

"ಎಲ್ಲಾಕ್ಕೂ ಎಲಿ ಒಂದ," ಎಂದ ಭರಮಣ್ಣ. ಅದೇ ಕಲ್ಲಿನ ಮೇಲೆ, ಕುರಿಮರಿಗೆ ಅರೆದು ಉಳಿದದ್ದಕ್ಕೆ ಇನ್ನಷ್ಟು ಸೊಪ್ಪು ಸೇರಿಸಿ ಅರೆದು, ಬೆರಳಿಗೆ ಮೆತ್ತಿ, ನಾರಿನಿಂದ ಬಿಗಿದು, ಅದು ಬದನೆಕಾಯಿಯಷ್ಟು ದಪ್ಪವಾದ ಮೇಲೆ ಬಿಟ್ಟ. "ಈ ಕೈಲೆ ಏನೂ ಮುಟ್ಟಬ್ಯಾಡ್ರಿ. ನೀರ ಹಚ್ಚಬ್ಯಾಡ್ರಿ. ಬದನಿಕಾಯಿ ತಿನಬ್ಯಾಡ್ರಿ. ನಾ ಹೇಳೂತನಕ ಬಿಚ್ಚಬ್ಯಾಡ್ರಿ."

"ಕುರಿಮರಿಗೂ ಇದೇ ಪಥ್ಯ ಏನು?" ಎಂದು ಅನಿಕೇತ ಕೇಳಿದ. ಗೌರವ್ವ ಮಗನ ಕಡೆ ನೋಡಿದ್ದಕ್ಕೆ ಅವನು ಟ್ರ್ಯಾಕ್ಸಿನ ಕಡೆ ನಡೆದ.

ಹೀಗೆ ಗುರುಪುತ್ರಪ್ಪ ಮಗಳ ಮನೆಯಲ್ಲಿ ಉಳಿದ. ಹೆಣ್ಣು ಕೊಟ್ಟ ಮನೆಯಲ್ಲಿ ಒಂದು ಹೊತ್ತು ಉಂಡು ಏಳುವುದೇ ಸಂಕೋಚ. ಅವನಿಗೆ ಅಲ್ಲಿ ದಿನಗಟ್ಟಲೆ ಅಳಿಯ ಚಮಚದಿಂದ ಅನ್ನ ತಿನ್ನಿಸಬೇಕಾಯಿತು. ಎಡಗೈಯಿಂದ ಉಣ್ಣಲು ಗೌರವ್ವ ಬಿಡಲಿಲ್ಲ. ಊರವರು ಬಂದು ನೋಡಿ, ಹಸಿರು ಬೆರಳಿಗೆ ಕೈ ಮುಗಿದಂತೆ ಮಾಡಿ ಹೋದರು. ಬಸಯ್ಯ ದಿನವೂ ಬಂದು ಕಂಪನಿಯವರು ಬಂದರೇ ಎಂದು ಕೇಳಿದ. ಬರುತ್ತಿದ್ದಾರೆ ಎಂದು ಗುರುಪುತ್ರಪ್ಪ ದಿನವೂ ಹೇಳಿದ. ಹಾಗೆ ಬರುತ್ತಲೇ ಇದ್ದರೆ ಅವರು ಇಷ್ಟು ಹೊತ್ತಿಗೆ ಖಾನಾಪುರ ಬಿಟ್ಟು ದೆಹಲಿಯನ್ನೂ ದಾಟಿರಬೇಕು ಎಂದು ಬಸಯ್ಯ ಲೆಕ್ಕ ಹಾಕಿದ.

ಒಂದು ಮಧ್ಯಾಹ್ನ ಅನಿಕೇತ ತಿನ್ನಿಸಿದ ಖಾರದ ಚಟ್ನಿ ಗಂಟಲಿಗೆ ಸಿಕ್ಕಿ ಗುರುಪುತ್ರಪ್ಪನಿಗೆ ಕೆಮ್ಮು ಬಂತು. ಕೆಮ್ಮಿದ, ಮತ್ತೆ ಕೆಮ್ಮಿದ, ಆಮೇಲೆ ಒಮ್ಮೆಲೆ ಬಿಳುಚಿಕೊಂಡು ಕೆಳಹೊಟ್ಟೆ ಒತ್ತಿ ಹಿಡಿದು ಬಗ್ಗಿದ. ಹಣೆಯ ವಿಭೂತಿಯ ಮೇಲೆ ಬೆವರು ಇಳಿಯಿತು. ಉಬ್ಬಿದ್ದು ಒಳಗೆ ಹೋಗುತ್ತಿರಲಿಲ್ಲ.

ನಿಖಿತಾ ಚೀರಿದಳು. "ಹಾರ್ಟ್ ಇರಬೇಕು," ಎಂದ ಅನಿಕೇತ ಎದೆ ತಿಕ್ಕಲು ಹೋದ. ಗೌರವ್ವ ಅವನ ಕೈ ತಡೆದಳು. ಎಲ್ಲರನ್ನೂ ಹೊರಗೆ ಕಳಿಸಿ, ಗುರುಪುತ್ರಪ್ಪನನ್ನು ಚಾಪೆಯ ಮೇಲೆ ಮಲಗಿಸಿ, ಸ್ವಲ್ಪ ದೂರ ಕಂಬಕ್ಕೆ ಒರಗಿ ಕೂತಳು.

"ಬೀಗರ, ಬೆರಳ ಜಡ್ಡಾದವರು ಹೊಟ್ಟಿ ಹಿಡಕೊಳ್ಳೂದನ್ನ ನಾ ಎಲ್ಲೂ ನೋಡಿಲ್ಲ."

ಮಲಗಿದ್ದರಿಂದ ಉಬ್ಬು ನಿಧಾನವಾಗಿ ಒಳಗೆ ಸರಿಯಿತು. ಗುರುಪುತ್ರಪ್ಪ ಜಂತಿ ನೋಡುತ್ತ ಇದ್ದ. ಜೀವಕ್ಕೆ ಬರುತ್ತದೆ ಎಂದಿದ್ದ ಡಾಕ್ಟರರ ಮಾತು ಈಗಷ್ಟೇ ಮನೆಯೊಳಗೆ ಬಂದು ಹೋಗಿತ್ತು.

"ಬೆರಳಲ್ರಿ ಅಕ್ಕಾರ."

"ಮತ್ತ?"

"ಹರ್ನಿಯಾ."

ಅವಳು ಎಲ್ಲಿ ಎಂದು ಕೇಳಲಿಲ್ಲ. "ಆಪರೇಶನ್ ಮಾಡಿಸಬೇಕಲ್ಲ ಅದಕ್ಕ," ಎಂದಳು.

"ಮಾಡಿಸಬೇಕು. ಅದಕ್ಕ ಸರಕಾರಿ ಕಾರ್ಡ್ ಬೇಕು. ಕಾರ್ಡಿಗೆ ಹೆಬ್ಬಟ್ಟ ಬೇಕು. ನನ್ನ ಹೆಬ್ಬಟ್ಟ ಸವದೈತಿ. ಅದಕ್ಕ ಅರಿವಿ ಸುತ್ತಿದ್ದೆ. ಮುಂದಿಂದೆಲ್ಲಾ ಮಂದಿ ಮಾಡಿದ್ದು." ಸ್ವಲ್ಪ ತಡೆದು, "ಪಾಲಿಸಿ ಇಲ್ರಿ," ಎಂದ.

"ಅದು ನಮಗ ಗೊತ್ತೈತಿ."

"ಹೆಂಗ?"

"ಖರೇ ಪಾಲಿಸಿ ಇದ್ದವರು ಹೋಳಿಗಿ ಉಣ್ಣೂ ಮುಂದ ಖುಶಿಲೆ ಹೇಳೂದಿಲ್ರಿ. ಅವರು ಕಂಪನಿ ಕೂಡ ಜಗಳಾಡ್ಕೋತ ಇರ್ತಾರ. ನಮ್ಮ ತಮ್ಮಂದು ಐತಿ, ನೋಡೀನಿ." ಅವಳು ಎದ್ದು ಸೆರಗು ಕೊಡವಿದಳು. "ನಮ್ಮನಿಯವರ ಕಣ್ಣಿನ ಆಪರೇಶನ್ ಆ ಸರಕಾರಿ ಕಾರ್ಡಿನ ಮ್ಯಾಲೇ ಆತು. ಇದಕ್ಕ ಯಾಕ ಇಷ್ಟ ದಿನಾ ಚಮಚಾಲೆ ಉಂಡ್ರಿ?"

ಮರುದಿನ ಬೆಳಿಗ್ಗೆ ಗೌರವ್ವ ಭರಮಣ್ಣನ ಅಪ್ಪಣೆಗೆ ಕಾಯದೆ ನಾರು ಬಿಚ್ಚಿದಳು. ಒಳಗಿದ್ದ ಬೆರಳು ಎಳೆಯ ಹುಣಸೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಸಾಬೂನು ಹಚ್ಚಿ, ತೆಂಗಿನ ನಾರಿನಿಂದ ಮೆಲ್ಲಗೆ ತಿಕ್ಕಿದ ಮೇಲೆ ಸ್ವಲ್ಪ ಮನುಷ್ಯರದಾಯಿತು. ಖಾನಾಪುರದ ಸೆಂಟರಿಗೆ ಅವರು ನಡೆದು ಹೋಗುವಾಗ ಊರಿಗೆ ಸುದ್ದಿ ಹೋಗಿ, ಬೆರಳು ಬಿಚ್ಚಿದ್ದನ್ನು ನೋಡಲು ಸಾಕಷ್ಟು ಮಂದಿ ಹಿಂದೆ ಬಂದರು. ಬಸಯ್ಯ ಎಲ್ಲರಿಗಿಂತ ಮುಂದಿದ್ದ.

ಸೆಂಟರಿನ ಕಂಪ್ಯೂಟರಿನ ಮುಂದಿದ್ದ ಆಕಾಶ ಎಂಬ ಹುಡುಗ ಬೆರಳನ್ನು ನೋಡಿ ಕುರ್ಚಿ ಸ್ವಲ್ಪ ಹಿಂದೆ ಸರಿಸಿಕೊಂಡ. "ಇಡ್ರಿ," ಎಂದ. ಗುರುಪುತ್ರಪ್ಪ ಇಟ್ಟ. ಕೆಂಪು. "ಒರಸಿ ಇನ್ನೊಮ್ಮೆ ಇಡ್ರಿ. ಭಾರ ಹಾಕಬ್ಯಾಡ್ರಿ." ಗೌರವ್ವ ಸೆರಗಿನಿಂದ ತಾನೇ ಒರೆಸಿದಳು. ಅವನು ಉಸಿರು ಹಿಡಿದು ಇಟ್ಟ. ಇಷ್ಟು ದಿನ ದಾರವನ್ನಿರಲಿ, ಅನ್ನವನ್ನೂ ಮುಟ್ಟದ ಆ ಬೆರಳಿನ ಮೇಲೆ ಗೆರೆಗಳು ಹೊಸದಾಗಿ ಎದ್ದಿದ್ದವು. ಯಂತ್ರ ಹಸಿರು ದೀಪ ತೋರಿಸಿತು.

"ಬಂತು," ಎಂದ ಆಕಾಶ. ಬಾಗಿಲಲ್ಲಿ ನಿಂತವರು ಬೆರಳಿಗೆ ಜೀವ ಬಂತೆಂದು ತಿಳಿದು ಭರಮಣ್ಣನನ್ನು ಹೊಗಳಿದರು.

ಕಾರ್ಡು ಅಚ್ಚಾಗಿ ಬಂದಾಗ ಬಸಯ್ಯ ಕತ್ತು ಚಾಚಿ ನೋಡಿದ. "ಅಲ್ಲಾ, ಪ್ರೈವೇಟ್ ಅಂದಿದ್ರಿ. ಇದರ ಮ್ಯಾಲೆ ಸಿಂಹದ ಮುದ್ರಿ ಐತೆಲ್ಲ?"

ಗೌರವ್ವ ಕಾರ್ಡನ್ನು ತೆಗೆದು ಸೊಂಟದ ಚೀಲಕ್ಕೆ ಹಾಕಿಕೊಂಡಳು.

"ದೊಡ್ಡ ಕಂಪನಿ ಅಯ್ನಾರ," ಎಂದಳು. "ಸರಕಾರಾನೂ ಅವರ ಪೈಕಿನ."

ಬೆಳಗಾವಿಯ ಸರಕಾರಿ ದವಾಖಾನೆಯಲ್ಲಿ ಆಪರೇಶನ್ ಸುಸೂತ್ರವಾಗಿ ಆಯಿತು. ಎಸಿ ಇರಲಿಲ್ಲ, ಫ್ಯಾನು ಇತ್ತು. ಬಾಜು ಮಂಚದವನ ಊಟದ ಡಬ್ಬಿ ಗುರುಪುತ್ರಪ್ಪನ ಕಡೆ ಬಂತು, ಕಾಶವ್ವ ತಂದ ಡಬ್ಬಿ ಆ ಕಡೆ ಹೋಯಿತು. ಕಾಶವ್ವನ ಡಬ್ಬಿಯಲ್ಲಿ ಹಾಗಲಕಾಯಿ ಇದ್ದದ್ದರಿಂದ ಮಾರನೆಯ ದಿನ ಬಾಜು ಮಂಚದವನು ಬದಲು ಮಾಡಿಕೊಳ್ಳಲಿಲ್ಲ.

ವಡಗಾವಿ ಇಡೀ ಮಾತಾಡಿಸಲು ಬಂತು. ಮೊದಲು ಬಂದವನು ಸಂಜಯ. ಬಂದವನೇ ಹೊದಿಕೆಯ ಮೇಲಿದ್ದ ಬಲಗೈಯನ್ನು ಎತ್ತಿ, ಹೆಬ್ಬೆರಳನ್ನು ಮುಂದೆ ತಿರುಗಿಸಿ, ಹಿಂದೆ ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದ. ಹಿಂದೆ ನಿಂತವರೂ ಬಗ್ಗಿ ನೋಡಿದರು.

"ಜೋಡಿಸ್ಯಾರ," ಎಂದ ಸಂಜಯ ಕೊನೆಗೆ. "ಎಲ್ಲಿ ಜೋಡಿಸ್ಯಾರ ಅನ್ನೂದು ಗೊತ್ತಾಗವಲ್ದು. ಒಂದ ಹೊಲಗಿ ಕಾಣೂದಿಲ್ಲ. ಕಾಕಾ, ಇದಕ್ಕ ರೊಕ್ಕ ಭಾಳ ಹೋಗಿರಬೇಕಲ್ಲ?"

ಮಂಚದ ಆ ಕಡೆ ಕೂತಿದ್ದ ಗೌರವ್ವ ಮೋಸಂಬಿ ಸುಲಿಯುತ್ತಿದ್ದಳು. ಗುರುಪುತ್ರಪ್ಪ ಅವಳ ಕಡೆ ನೋಡಿದ. ಅವಳು ಮೋಸಂಬಿಯ ಕಡೆ ನೋಡಿದಳು. ಈ ಸಲ ಅವಳು ನೆರವಿಗೆ ಬರುವ ಹಾಗೆ ಕಾಣಲಿಲ್ಲ.

"ಒಂದ ಪೈಸಾ ಇಲ್ಲ," ಎಂದ ಗುರುಪುತ್ರಪ್ಪ. "ಸರಕಾರಿ ಕಾರ್ಡಿನ ಮ್ಯಾಲೆ ಆತು. ನಂದು ಬಿಪಿಎಲ್ ಐತಿ. ನೀನೂ ಮಾಡಿಸ್ಕೋ."

ಸಂಜಯ ತನ್ನ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡ. ಬಹಳ ದಿನದಿಂದ ಅದರ ಗೆಣ್ಣು ಚಳಿಗೆ ನೋಯುತ್ತಿತ್ತು. "ಹೊಸಾದ ಹಾಕ್ತಾರೇನು?" ಎಂದು ಮೆಲ್ಲಗೆ ಕೇಳಿದ.

ಇದನ್ನು ಕೇಳಿ ಗುರುಪುತ್ರಪ್ಪನಿಗೆ ನಗು ಬಂತು. ನಗಬಾರದೆಂದು ಡಾಕ್ಟರು ಹೇಳಿದ್ದರು. ತಡೆದ, ತಡೆದಷ್ಟೂ ಅದು ಮೇಲೆ ಬಂತು. ಕೊನೆಗೆ ನಕ್ಕು, ಹೊಲಿಗೆ ಎಳೆದ ನೋವಿಗೆ "ಯವ್ವಾ" ಎಂದು ಎರಡೂ ಕೈಯಿಂದ ಕೆಳಹೊಟ್ಟೆ ಒತ್ತಿ ಹಿಡಿದುಕೊಂಡ.

ಸಂಜಯ ಗಾಬರಿಯಿಂದ ಹಿಂದೆ ಸರಿದ. "ಬೆರಳ ಆಪರೇಶನ್‌ಗೆ ಹೊಟ್ಟಿ ಯಾಕ ನೋಯ್ತದ?"

ಗೌರವ್ವ ಮೋಸಂಬಿಯ ತೊಳೆಯೊಂದನ್ನು ಬಿಡಿಸಿ ಸಂಜಯನ ಕೈಗೆ ಕೊಟ್ಟಳು.

"ನರ ಅಲ್ಲೀತನಕ ಹೋಗಿರ್ತಾವಪಾ," ಎಂದಳು.